ಬಿದ್ದಾಗ ಗೊತ್ತಾಗುತ್ತದೆ ಚೀಲದ ಗುಣ

ದಸರೆ ಮುಗಿಯಿತೆಂದರೆ ನಮ್ಮ ಕಡೆ ಬೈಕಿನವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಗೋಕರ್ಣ, ಹಂಪಿ, ಗೋವಾದ ಯೋಜನೆ ಒಂದು ಕಪ್ ಚಹಾದಲ್ಲೇ ಮುಗಿಯುತ್ತದೆ. ಗಟ್ಟಿ ಗುಂಡಿಗೆಯವರು ಬರುವ ಬೇಸಿಗೆಗೆ ಸ್ಪಿತಿ, ಲಡಾಖ್ ಅಂತ ನಕಾಶೆ ಬಿಚ್ಚುತ್ತಾರೆ. ಯಾವ ಊರಿಗೆ ಹೊರಟರೂ ಪ್ರಶ್ನೆ ಒಂದೇ: ಅಲ್ಯೂಮಿನಿಯಂ ಪೆಟ್ಟಿಗೆ ಕೂರಿಸಬೇಕೋ, ಬಟ್ಟೆಯ ಚೀಲ ಇಳಿಬಿಡಬೇಕೋ?

ಅಂಗಡಿಯ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯ ಮೇಲೆ ಎಲ್ಲ ಲಗೇಜೂ ಚಂದ ಕಾಣುತ್ತದೆ. ನನ್ನ ಅಳತೆಗೋಲು ಬೇರೆ. ಬೆಣ್ಣಿಹಳ್ಳದ ಆಚೀಚಿನ ಹೊಲದ ದಾರಿ, ಮಳೆ ಬಿದ್ದ ಮರುದಿನ, ಗಾಡಿ ಮಗ್ಗುಲಾಗಿ ಮಲಗಿದೆ, ಎತ್ತಲು ಎರಡನೆಯ ಆಳಿಲ್ಲ. ಆ ಹೊತ್ತಿನಲ್ಲಿ ಯಾವ ಲಗೇಜು ನಿಮ್ಮ ಕೆಲಸವನ್ನು ಹಗುರ ಮಾಡುತ್ತದೋ ಅದನ್ನು ಕೊಳ್ಳಿ. ಉಳಿದ ಲೆಕ್ಕವೆಲ್ಲ ಇದರ ಹಿಂದೆ ಬರಲಿ.

ಈ ಪರೀಕ್ಷೆಗೆ ಧಾರವಾಡ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ವಿಜಯಪುರದ ಕಡೆಯಿಂದ ಬರುವ 52ನೇ ರಾಷ್ಟ್ರೀಯ ಹೆದ್ದಾರಿ ನವಲಗುಂದದ ಎರಿ ಬಯಲು ದಾಟಿ ಹುಬ್ಬಳ್ಳಿ ಸೇರುತ್ತದೆ. ಅಲ್ಲಿಂದ ಕಲಘಟಗಿ, ಯಲ್ಲಾಪುರ ಹಾದು, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗುತ್ತದೆ. ನವಲಗುಂದದಲ್ಲಿ ನುಣ್ಣನೆಯ ಧೂಳು, ಕಲಘಟಗಿ ದಾಟಿದ ಮೇಲೆ ಮಲೆನಾಡಿನ ಮಳೆ: ಒಂದೇ ರಸ್ತೆ, ಒಂದೇ ದಿನದ ಸವಾರಿ. ಇವೆರಡನ್ನೂ ತಡೆದ ಚೀಲ ದೇಶದಲ್ಲಿ ಎಲ್ಲಿಗೆ ಹೋದರೂ ತಡೆಯುತ್ತದೆ.

ಎರಿ ಮಣ್ಣಿನ ಸ್ವಭಾವ ಇಲ್ಲಿಯವರಿಗೆ ಗೊತ್ತು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಣ್ಣಿಗೇರಿ, ನವಲಗುಂದದ ಒಳದಾರಿಗಳಲ್ಲಿ ಹಸಿ ರಾಡಿ ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಕಟ್ಟಿಗೆಯಿಂದ ಕೆರೆದು ತೆಗೆಯುವ ತನಕ ಗಾಡಿ ಮುಂದೆ ಹೋಗುವುದಿಲ್ಲ. ಆಗ ಚೀಲ ಬಿಚ್ಚಿ ಬದಿಗಿಡಲು ಒಂದೆರಡು ನಿಮಿಷ ಸಾಕಾಗಬೇಕು. ಹತ್ತು ಪಟ್ಟಿ, ಹದಿನೈದು ಬಕಲ್ ಇರುವ ದುಬಾರಿ ಮಾಲು ಇಲ್ಲಿಯೇ ಸೋತುಹೋಗುತ್ತದೆ.

ಪೆಟ್ಟಿಗೆಯ ಪಕ್ಷವನ್ನೂ ಕೇಳೋಣ. ಇಟಲಿಯ ಗ್ರ್ಯಾನ್ ಪ್ರಿ ರೇಸ್ ಸವಾರ ಜುಸೆಪ್ಪೆ ವಿಸೆಂಜಿ ಬ್ರೆಶಿಯಾದಲ್ಲಿ 1978ರಲ್ಲಿ ಗಿವಿ ಕಂಪನಿ ಶುರು ಮಾಡಿದ ಮೇಲೆ, ಕೀಲಿ ತಿರುಗಿಸಿ ಕಳಚುವ ಪೆಟ್ಟಿಗೆ ಜಗತ್ತಿನ ಸವಾರರ ಮನೆಮಾತಾಯಿತು. ಅದಕ್ಕೆ ಬೀಗವಿದೆ, ಮಳೆಯ ಭಯವಿಲ್ಲ. ಲಾಡ್ಜಿನ ಮುಂದೆ ನಿಲ್ಲಿಸಿ ನಿಶ್ಚಿಂತೆಯಿಂದ ಊಟಕ್ಕೆ ಹೋಗಬಹುದು. ನೀವು ಡಾಂಬರು ಬಿಟ್ಟು ಕೆಳಗಿಳಿಯದವರಾದರೆ, ಹುಬ್ಬಳ್ಳಿಯಿಂದ ಪುಣೆ ಬೆಂಗಳೂರು ಎಂದು ಹೆದ್ದಾರಿಯಲ್ಲೇ ಓಡಾಡುವವರಾದರೆ, ಪೆಟ್ಟಿಗೆ ತಪ್ಪಲ್ಲ.

ಒಳದಾರಿ ಹಿಡಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಎರಡು ಅಲ್ಯೂಮಿನಿಯಂ ಪೆಟ್ಟಿಗೆ, ಅವನ್ನು ಹೊರುವ ಕಬ್ಬಿಣದ ಚೌಕಟ್ಟು ಸೇರಿದರೆ ಒಂದು ಅಂಗಿ ತುಂಬುವ ಮೊದಲೇ ಹದಿನೈದು ಕಿಲೋ ಮುಟ್ಟುತ್ತದೆ. ಅಗಲ ಹ್ಯಾಂಡಲನ್ನು ಮೀರುತ್ತದೆ. ಕುಂದಗೋಳದ ಒಳರಸ್ತೆಯಲ್ಲಿ ಹೊಟ್ಟು ತುಂಬಿದ ಟ್ರ್ಯಾಕ್ಟರ್ ಎದುರಾದಾಗ ಹ್ಯಾಂಡಲ್ ದಾಟಿತೆಂದು ಧೈರ್ಯ ತಂದುಕೊಳ್ಳುತ್ತೀರಿ. ಹಿಂದಿನ ಪೆಟ್ಟಿಗೆ ಹೋಗಿ ತಾಗುತ್ತದೆ. ಲಗೇಜು ಹ್ಯಾಂಡಲಿಗಿಂತ ಅಗಲ ಇರಬಾರದು ಎಂಬುದನ್ನು ನಿಯಮ ಮಾಡಿಕೊಳ್ಳಿ. ಇನ್ನೂ ದೊಡ್ಡ ಅಪಾಯ ಕಾಲಿನದು. ರಾಡಿಯಲ್ಲಿ ಗಾಡಿ ಜಾರಿದಾಗ ಕಾಲು ತಾನಾಗಿ ನೆಲಕ್ಕೆ ಹೋಗುತ್ತದೆ, ಹಿಂದಿನಿಂದ ಬರುವ ಪೆಟ್ಟಿಗೆಯ ಅಂಚು ಹಿಮ್ಮಡಿಯನ್ನು ಹಿಡಿದುಕೊಳ್ಳುತ್ತದೆ. ಬಟ್ಟೆಯ ಚೀಲಕ್ಕೆ ಸಿಕ್ಕ ಕಾಲು ತರಚಿಕೊಂಡು ಹೊರಬರಬಹುದು. ಪೆಟ್ಟಿಗೆಗೆ ಸಿಕ್ಕ ಕಾಲು ಮುರಿಯಬಹುದು.

ಭಾರದ ಪಾಠಕ್ಕೆ ಪ್ರಸಿದ್ಧ ಉದಾಹರಣೆಯೇ ಇದೆ. 2004ರಲ್ಲಿ ನಟ ಯುವನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಲಂಡನ್ನಿನಿಂದ ನ್ಯೂಯಾರ್ಕಿಗೆ ಪೂರ್ವ ದಿಕ್ಕು ಹಿಡಿದು ಹೊರಟರು. ದೊಡ್ಡ ಬಿಎಂಡಬ್ಲ್ಯೂ ಗಾಡಿಗಳು, ಮೈತುಂಬ ಸಾಮಾನು. ಮಂಗೋಲಿಯಾದ ಕಚ್ಚಾ ದಾರಿಯಲ್ಲಿ ಛಾಯಾಗ್ರಾಹಕ ಕ್ಲಾಡಿಯೊ ವಾನ್ ಪ್ಲಾಂಟಾ ಅವರ ಗಾಡಿಯ ಚೌಕಟ್ಟೇ ಮುರಿಯಿತು. ಅದನ್ನು ಲಾರಿಯಲ್ಲಿ ಸಾಗಿಸಿ, ಸ್ಥಳೀಯವಾಗಿ ಸಿಕ್ಕ ರಷ್ಯಾದ ಸಾದಾ ಕೆಂಪು ಬೈಕೊಂದನ್ನು ಕೊಂಡು ಅವರು ಸವಾರಿ ಮುಂದುವರಿಸಿದರು. ಅಷ್ಟು ಹಣ, ಅಷ್ಟು ತಯಾರಿ ಇದ್ದವರಿಗೇ ಆ ದಾರಿ ಭಾರವನ್ನು ಮಾಫಿ ಮಾಡಲಿಲ್ಲ.

ಹೇರು ಹೇರುವ ವಿದ್ಯೆ ಕಲಿಯಲು ಮಂಗೋಲಿಯಾಕ್ಕೆ ಹೋಗಬೇಕಾಗಿಯೂ ಇಲ್ಲ. ಹಳ್ಳಿಯಿಂದ ಹುಬ್ಬಳ್ಳಿಗೆ ಬೈಕಿನ ಮೇಲೆ ಹಾಲು ತರುವವರನ್ನು ನೋಡಿ. ಕ್ಯಾನುಗಳು ಸೀಟಿನ ಮೇಲಿರುವುದಿಲ್ಲ. ಕಬ್ಬಿಣದ ಕೊಕ್ಕೆಗೆ ಸಿಕ್ಕಿ ಎರಡೂ ಬದಿಗೆ, ಗಾಲಿಯ ನಡುಮಟ್ಟಕ್ಕೆ ಇಳಿದಿರುತ್ತವೆ. ಹಾಲು ಅಳೆಯುವಾಗ ಒಮ್ಮೆ ಈ ಬದಿಯದು, ಒಮ್ಮೆ ಆ ಬದಿಯದು ಖಾಲಿಯಾಗುತ್ತದೆ. ಪ್ರವಾಸದ ಪುಸ್ತಕಗಳು ಇದನ್ನೇ ಉದ್ದವಾಗಿ ಹೇಳುತ್ತವೆ: ಭಾರ ಕೆಳಗಿರಲಿ, ಸವಾರನ ಹತ್ತಿರವಿರಲಿ, ಎಡಬಲ ಸಮನಾಗಿರಲಿ. ಹಿಂಬದಿಯ ರ‍್ಯಾಕಿನ ತುದಿಗೆ ಟೂಲ್ಸು, ನೀರಿನ ಕ್ಯಾನು ಕಟ್ಟಿದರೆ ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ತೇಲುತ್ತದೆ. ಅಲ್ಲಿಗೆ ಹಾಸಿಗೆ, ಜಾಕೆಟ್ಟಿನಂಥ ಹಗುರ ಗಂಟು ಮಾತ್ರ.

ಇನ್ನು ಬಟ್ಟೆ. ಅಂಗಡಿಯವರು ಮೊದಲು ಡೆನಿಯರ್ ಸಂಖ್ಯೆ ಹೇಳುತ್ತಾರೆ: 600, 1000, 1680. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಅದರ ಡೆನಿಯರ್. ಅಂದರೆ ಅದು ನೂಲಿನ ದಪ್ಪ ಹೇಳುತ್ತದೆ, ನೇಯ್ಗೆಯ ಗುಣ ಹೇಳುವುದಿಲ್ಲ. ದಪ್ಪ ನೂಲನ್ನು ಸಡಿಲ ನೇಯ್ದರೆ ಬಾಳಿಕೆ ಬರುವುದಿಲ್ಲ ಎಂದು ನವಲಗುಂದದಲ್ಲಿ ಜಮಖಾನ ನೇಯುವ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ, ಉಗುರಿನಿಂದ ಎಳೆ ಸರಿಸಿ ನೋಡಿ. ಒಳಮೈಯ ಲೇಪವನ್ನು ಬೆರಳಿಂದ ಉಜ್ಜಿ. ಅಂಟಂಟಾಗಿದ್ದರೆ, ಪೊರೆ ಏಳುತ್ತಿದ್ದರೆ ಅದು ಹಳೆಯ ದಾಸ್ತಾನು. ನಮ್ಮ ಬಿಸಿಲಿಗೆ ಸಾದಾ ನೈಲಾನಿಗಿಂತ ಪಾಲಿಯೆಸ್ಟರ್ ಹೆಚ್ಚು ದಿನ ತಾಳುತ್ತದೆ. ಉಜ್ಜಾಟ ತಡೆಯುವುದರಲ್ಲಿ ನೈಲಾನ್ ಮೇಲು.

ನೀರು ತಡೆಯುವ ಚೀಲದ ಕಥೆ ಲಾರಿಯಿಂದ ಶುರುವಾಗುತ್ತದೆ. 1980ರ ದಶಕದ ಆರಂಭದಲ್ಲಿ ಹಾರ್ಟ್‌ಮುಟ್ ಒರ್ಟ್‌ಲೀಬ್ ಎಂಬ ಜರ್ಮನ್ ಯುವಕ ಇಂಗ್ಲೆಂಡಿನ ಮಳೆಯಲ್ಲಿ ಸೈಕಲ್ ತುಳಿಯುತ್ತಿದ್ದ. ತನ್ನ ಸಾಮಾನೆಲ್ಲ ತೊಯ್ದಿತ್ತು, ಪಕ್ಕದಲ್ಲಿ ಹೋಗುವ ಲಾರಿಯ ಸರಕು ತಾಡಪತ್ರಿಯ ಕೆಳಗೆ ಒಣಗೇ ಇತ್ತು. ಮನೆಗೆ ಬಂದು ಲಾರಿಯ ತಾಡಪತ್ರಿಯಿಂದಲೇ ಚೀಲ ಹೊಲಿದ. 1982ರಲ್ಲಿ ಕಂಪನಿ ಕಟ್ಟಿದ. ಬಾಯಿಯನ್ನು ಮೂರು ಸುತ್ತು ಮಡಚಿ ಬಕಲ್ ಹಾಕುವ ಇಂದಿನ ಎಷ್ಟೋ ಚೀಲಗಳಿಗೆ ಅಂಥ ಲಾರಿ ಬಟ್ಟೆಯೇ ಮಾದರಿ. ಇವುಗಳಲ್ಲಿ ಜಿಪ್ಪಿಲ್ಲ, ಅದೇ ನಮಗೆ ಲಾಭ. ಎರಿ ಧೂಳು ಜಿಪ್ಪಿನ ಹಲ್ಲಿನೊಳಗೆ ಕೂತು ಓಡುಗುಂಡಿಯನ್ನು ಸವೆಸುತ್ತದೆ. ಒಂದೆರಡು ಬೇಸಿಗೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ.

ಒಂದು ಎಚ್ಚರಿಕೆ: ರಾಶಿ ಮುಚ್ಚಲು ರೈತರು ಒಯ್ಯುವ ಹಗುರ ಪ್ಲಾಸ್ಟಿಕ್ ತಾಡಪತ್ರಿ ಬೇರೆ, ಪಿವಿಸಿ ಬಳಿದ ಲಾರಿ ತಾಡಪತ್ರಿ ಬೇರೆ. ಮೊದಲಿನದು ಮಡಿಕೆಯಲ್ಲೇ ಸೀಳುತ್ತದೆ. ಇನ್ನು ಚೀಲದ ಜೊತೆ ಪುಕ್ಕಟೆ ಬರುವ ಮಳೆಗವಸು ಗಾಳಿಗೆ ಬಲೂನಾಗಿ ಹಾರಿಹೋಗುವ ವಸ್ತು. ಅರಬೈಲ್ ಘಟ್ಟದಲ್ಲಿ ಅದನ್ನು ನಂಬಿದವರು ಅಂಕೋಲೆಯಲ್ಲಿ ಬಟ್ಟೆ ಹಿಂಡುತ್ತಾರೆ.

ಹಾಗಾದರೆ ಪೂರ್ತಿ ಪಿವಿಸಿ ಚೀಲವೇ ಉತ್ತಮವೇ? ಇಲ್ಲಿ ನಾನು ನವಲಗುಂದದ ಸೀಟು ಹೊಲಿಯುವ ಅಂಗಡಿಯ ಅಭಿಪ್ರಾಯಕ್ಕೆ ತಲೆಬಾಗುತ್ತೇನೆ. ಟ್ರ್ಯಾಕ್ಟರ್ ಸೀಟು, ಬೈಕ್ ಸೀಟು ಹೊಲಿದು ಪಳಗಿದ ಕೈ ಅದು. ಎರಡು ಬಗೆಯ ಚೀಲವನ್ನೂ ಮುಂದಿಟ್ಟಾಗ ಅವರು ಹೇಳಿದ್ದು: “ಹೊಲಿಗಿ ಬಿಚ್ಚಿದ್ರ ಅರ್ಧಾ ತಾಸಿನ ಕೆಲಸ ರೀ ಸರ. ಈ ಅಂಟಿಸಿದ್ ಚೀಲಕ್ಕ ಸೂಜಿ ಹಾಕಿದ್ರ ಅಷ್ಟೂ ತೂತಿನಾಗ ನೀರ ಒಳಗ ಬರ್ತಾವ. ಇದು ಹರದ್ರ ನಾ ಏನೂ ಮಾಡಾಕ ಬರಂಗಿಲ್ಲ.” ಈ ಮಾತಿನಿಂದ ನನ್ನ ಆಯ್ಕೆ ಇತ್ಯರ್ಥವಾಯಿತು. ಹೊರಗೆ ಹೊಲಿದ ದಪ್ಪ ಬಟ್ಟೆಯ ಚೀಲ. ಒಳಗೆ ಬಾಯಿ ಮಡಚುವ ಹಗುರ ಪಿವಿಸಿ ಚೀಲ. ಬಿದ್ದಾಗ ಹೊರಗಿನದು ಹರಿಯುತ್ತದೆ, ಯಾವ ಊರಿನಲ್ಲೂ ಹೊಲಿಯುವವರು ಸಿಗುತ್ತಾರೆ, ಒಳಗಿನದು ಒಣಗಿರುತ್ತದೆ. ರಾತ್ರಿ ಲಾಡ್ಜಿಗೆ ಒಳಚೀಲ ಎತ್ತಿಕೊಂಡು ಹೋದರೆ ಕಳ್ಳನ ಚಿಂತೆಯೂ ಅರ್ಧ ಕಡಿಮೆ. ಬೆಂಗಳೂರಿನ ವಯಾಟೆರಾ, ಮುಂಬೈಯ ರೈನಾಕ್ಸ್‌ನಂಥ ನಮ್ಮ ದೇಶದ ಕಂಪನಿಗಳೇ ಇಂಥ ಮಾಲು ತಯಾರಿಸುವುದರಿಂದ ಆಮದು ಚೀಲಕ್ಕೆ ಕಾಯಬೇಕಾಗಿಲ್ಲ.

ಕಟ್ಟುವ ಮಾತು. ನಮ್ಮ ಬೈಕುಗಳ ಎಡಬದಿಯ ಸೀರೆ ಗಾರ್ಡನ್ನು ಟೂರಿಂಗ್ ಹುಚ್ಚಿನ ಹುಡುಗರು ಮೊದಲು ಬಿಚ್ಚಿ ಎಸೆಯುತ್ತಾರೆ. ಹಾಗೆ ಮಾಡಬೇಡಿ. ಹಿಂದಿನ ಗಾಲಿಯ ಅರ್ಧ ಭಾಗಕ್ಕಾದರೂ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಸೆರಗು ಕಾಯುವ ಆ ಕಬ್ಬಿಣವೇ ಚೀಲ ಗಾಲಿಗೆ ಸಿಗದಂತೆಯೂ ಕಾಯುತ್ತದೆ. ಬಲಬದಿಗೆ ಹಾಗೇನೂ ಇರುವುದಿಲ್ಲ, ಜೊತೆಗೆ ಸೈಲೆನ್ಸರ್ ಇರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸರಳ ಕಬ್ಬಿಣದ ಆಸರೆ ಮಾಡಿಸಿ, ಸೈಲೆನ್ಸರಿನಿಂದ ನಾಲ್ಕು ಬೆರಳು ಅಂತರ ಬಿಡಿ. ಎರಡೂ ಬದಿಗೆ ಸೈಲೆನ್ಸರ್ ಇರುವ ಹಳೆಯ ಯೆಜ್ಡಿಯವರು ಎರಡು ಪಟ್ಟು ಜಾಗರೂಕರಾಗಿರಬೇಕು. ಹಿಂದೆ ಪೆಟ್ಟಿಗೆ ಇಡುವವರಿಗೆ 2020ರ ತಿದ್ದುಪಡಿಯ ಮಿತಿ ಗೊತ್ತಿರಲಿ: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್. ಹಿಂಬದಿ ಸವಾರನ ಜಾಗದಲ್ಲೇ ಅದನ್ನು ಕೂರಿಸಿದರೆ ಗಾಡಿಯ ಮೇಲೆ ಒಬ್ಬರೇ ಕೂರಬೇಕು.

ಕೊಕ್ಕೆಯಿರುವ ಎಲಾಸ್ಟಿಕ್ ಹಗ್ಗ ತಪ್ಪಿದರೆ ಕಣ್ಣಿಗೇ ಬರುತ್ತದೆ. ಅದಕ್ಕಿಂತ ಬಕಲಿನ ಪಟ್ಟಿ ವಾಸಿ. ಅದೂ ಇಲ್ಲದಿದ್ದರೆ ಪಂಕ್ಚರ್ ಅಂಗಡಿಯ ಹಳೆಯ ಟ್ಯೂಬ್ ಕತ್ತರಿಸಿದ ಪಟ್ಟಿ. ಯಾವುದೇ ಇರಲಿ, ಜೋತಾಡುವ ತುದಿಯನ್ನು ಒಳಗೆ ಸಿಕ್ಕಿಸಿ. ಚೈನಿಗೆ ಅದು ಸಿಕ್ಕರೆ ಗಾಲಿ ಹಿಡಿದುಕೊಳ್ಳುತ್ತದೆ.

ಗಾತ್ರ? ಒಬ್ಬರಿಗೆ, ಒಂದು ವಾರಕ್ಕೆ, ಎಲ್ಲ ಸೇರಿ ಐವತ್ತು ಲೀಟರ್ ಧಾರಾಳ. ದೊಡ್ಡ ಚೀಲ ಕೊಂಡರೆ ಮನೆಯಲ್ಲಿ ಯಾರಾದರೂ ಅದನ್ನು ತುಂಬಿಯೇ ತುಂಬುತ್ತಾರೆ. ಟೂಲ್ಸು, ನೀರು ಕೆಳಗೆ ಮುಂದೆ, ಬಟ್ಟೆ ನಡುವೆ, ಮಳೆಯಂಗಿ ಎಲ್ಲಕ್ಕಿಂತ ಮೇಲೆ, ಕೈಗೆ ಸಿಗುವಂತೆ. ಬುತ್ತಿಯ ಖಡಕ್ ರೊಟ್ಟಿಯನ್ನು ಬದಿಚೀಲಕ್ಕೆ ಹಾಕಿದರೆ ಕಲಘಟಗಿ ಮುಟ್ಟುವುದರೊಳಗೆ ಪುಡಿ. ಅಗಲ ಡಬ್ಬಿಯಲ್ಲಿ, ಹಿಂದಿನ ಗಂಟಿನ ಮೇಲ್ಭಾಗದಲ್ಲಿ ಇಡಿ. ಶೇಂಗಾ ಚಟ್ನಿ ಎಲ್ಲಿಟ್ಟರೂ ನಡೆಯುತ್ತದೆ. ಕಾಲು ಭಾಗ ಖಾಲಿ ಬಿಟ್ಟು ಹೊರಡಿ, ಬರುವಾಗ ಸಾಮಾನು ಬೆಳೆದಿರುತ್ತದೆ. ಕಲಘಟಗಿಯ ತೊಟ್ಟಿಲು ಮಾತ್ರ ಕಾರು ತಂದ ದಿನಕ್ಕೆ ಇರಲಿ.

ಹಣ ಕೊಡುವ ಮೊದಲು ಮನೆಯ ಅಂಗಳದಲ್ಲಿ ಒಂದು ಪರೀಕ್ಷೆ ಮಾಡಿ. ಒಯ್ಯುವುದನ್ನೆಲ್ಲ ಹಳೆಯ ಗೋಣಿಚೀಲದಲ್ಲಿ ತುಂಬಿ ಗಾಡಿಗೆ ಕಟ್ಟಿ. ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇರುವಾಗ, ಎಂಜಿನ್ ಆರಿಸಿ, ಕೆಳಗೆ ಹಳೆಯ ಹಾಸಿಗೆ ಹಾಸಿ, ಗಾಡಿಯನ್ನು ಮೆಲ್ಲಗೆ ಮಲಗಿಸಿ. ಒಬ್ಬರೇ ಎತ್ತಿ ನಿಲ್ಲಿಸಿದಿರಾ, ಅಂಗಡಿಗೆ ಹೋಗಿ. ಆಗಲಿಲ್ಲವಾ, ಇನ್ನೂ ದೊಡ್ಡ ಚೀಲ ಹುಡುಕಬೇಡಿ. ಗೋಣಿಚೀಲದಿಂದ ಮೂರನೆಯ ಪ್ಯಾಂಟು, ಎರಡನೆಯ ಬೂಟು ತೆಗೆದು ಮತ್ತೆ ಎತ್ತಿ ನೋಡಿ.

ಮುಂದಿನ ವಾರ: ಎರಿ ದಾರಿಗೆ ಯಾವ ಟೈರು.