ಫ್ರಾನ್ಸಿನ ರಾಜ್ಯಕ್ರಾಂತಿಯೂ ವೀರರಸವೂ

ಕ್ರಿ. ಶ. 1789ರಲ್ಲಿ ಫ್ರಾನ್ಸ್ ದೇಶದಲ್ಲಿ ತಲೆದೋರಿದ ರಾಜ್ಯಕ್ರಾಂತಿಯು ಯೂರೋಪಿನ ಚಿತ್ರಕಲೆಗೂ ಸಂಗೀತಕ್ಕೂ ಹೊಸ ಜನ್ಮವನ್ನು ಕೊಟ್ಟಿತೆಂಬುದು ರೂಢವಾಗಿರುವ ಮಾತು. ಇದರಲ್ಲಿ ಸತ್ಯಾಂಶವೆಷ್ಟು, ಅತಿಶಯೋಕ್ತಿಯೆಷ್ಟು ಎಂಬುದೇ ಇಲ್ಲಿ ವಿಚಾರಣೀಯ. ಪಾಶ್ಚಾತ್ಯ ಕೃತಿಗಳನ್ನು ನಮ್ಮ ಅಲಂಕಾರಶಾಸ್ತ್ರದ ಒರೆಗಲ್ಲಿಗೆ ಹಚ್ಚುವುದು ಸಲ್ಲದೆಂದು ಕೆಲವರು ಆಕ್ಷೇಪಿಸಬಹುದು. ರಸವು ಒಂದು ದೇಶದ ಸೊತ್ತಲ್ಲವಾದುದರಿಂದ ಅದಕ್ಕೆ ದೀರ್ಘವಾದ ಸಮಾಧಾನವು ಅನಾವಶ್ಯಕ.

ಕ್ರಾಂತಿಯ ಚಿತ್ರಕಾರನೆಂದು ಪ್ರಸಿದ್ಧನಾದವನು ಜಾಕ್ ಲೂಯಿ ದಾವಿದನು. ಇವನ 'ಹೊರೇಷಿಯರ ಪ್ರತಿಜ್ಞೆ' ಎಂಬ ಪಟದಲ್ಲಿ ಮೂವರು ಸಹೋದರರು, ತಂದೆಯು ಎತ್ತಿ ಹಿಡಿದ ಖಡ್ಗಗಳತ್ತ ಕೈಚಾಚಿ, ರೋಮಿಗಾಗಿ ಪ್ರಾಣಕೊಡುವೆವೆಂದು ಶಪಥಮಾಡುತ್ತಾರೆ. ಒಂದು ಪಕ್ಕದಲ್ಲಿ ಸ್ತ್ರೀಯರು ಶೋಕದಿಂದ ಕುಗ್ಗಿದ್ದಾರೆ. ಇದನ್ನು ಕ್ರಾಂತಿಯ ಫಲವೆಂದು ಬರೆಯುವವರುಂಟು. ಆದರೆ ಪಟವು ಸಿದ್ಧವಾದುದು 1784ರಲ್ಲಿ, ಪ್ಯಾರಿಸಿನ ಜನರು ಕಂಡುದು 1785ರಲ್ಲಿ; ಬರೆಯಿಸಿದುದೋ ಹದಿನಾರನೆಯ ಲೂಯಿ ದೊರೆಯ ಅಧಿಕಾರವರ್ಗ! ಅದೇ ದೊರೆಗೆ ಮರಣದಂಡನೆಯಾಗಲೆಂದು 1793ರಲ್ಲಿ ಮತವಿತ್ತವರಲ್ಲಿ ದಾವಿದನೂ ಒಬ್ಬನು. ಆದುದರಿಂದ ಕ್ರಾಂತಿಯು ಈ ಶೈಲಿಯನ್ನು ಹುಟ್ಟಿಸಲಿಲ್ಲ. ಹುಟ್ಟಿದ್ದ ಶೈಲಿಯನ್ನು ತನ್ನದಾಗಿ ಮಾಡಿಕೊಂಡಿತು.

ಅದು ನಿಜವಾಗಿ ಬದಲಾಯಿಸಿದುದು ಕಲೆಯ ಆಶ್ರಯವನ್ನು. 1793ರ ಆಗಸ್ಟಿನಲ್ಲಿ ರಾಜರ ಚಿತ್ರ ಅಕಾಡೆಮಿಯು ರದ್ದಾಯಿತು. ಅದೇ ತಿಂಗಳಲ್ಲಿ ಲೂವ್ರ್ ಅರಮನೆಯ ಚಿತ್ರಶಾಲೆಯು ಸಾರ್ವಜನಿಕರಿಗೆ ತೆರೆಯಿತು. ಸಂಗೀತವು ಸಭಾಮಂಟಪದಿಂದ ಬಯಲಿಗಿಳಿದು, ಊದುವ ವಾದ್ಯಗಳ ಮೇಳದೊಡನೆ ಉತ್ಸವಗಳಲ್ಲಿಯೂ ಶವಯಾತ್ರೆಗಳಲ್ಲಿಯೂ ನಡೆಯಿತು. ಗೊಸೆಕನ ಶೋಕದ ನಡೆಯು 1791ರಲ್ಲಿ ಮಿರಾಬೋವಿನ ಅಂತ್ಯಯಾತ್ರೆಯಲ್ಲಿ ಮೊಳಗಿತು. 1795ರಲ್ಲಿ ಪ್ಯಾರಿಸಿನ ಸಂಗೀತ ವಿದ್ಯಾಲಯವು ಸ್ಥಾಪಿತವಾಯಿತು.

ಆಶ್ರಯವು ಬದಲಾದರೆ ರಸವೂ ಬದಲಾಗುವುದೇ? 1793ರ ಜುಲೈ 13ರಂದು ಮರಾ ಎಂಬ ಮುಖಂಡನು ಸ್ನಾನದ ತೊಟ್ಟಿಯಲ್ಲಿದ್ದಾಗ ಷಾರ್ಲಟ್ ಕಾರ್ಡೇ ಎಂಬವಳಿಂದ ಹತನಾದನು. ದಾವಿದನು ಆ ಮರಣವನ್ನು ಬರೆದನು. ಮರಾನಿಗೆ ಚರ್ಮವ್ಯಾಧಿಯಿತ್ತು, ಚಿತ್ರದಲ್ಲಿ ಅದಿಲ್ಲ. ಕೊಂದವಳು ಇಲ್ಲ. ಪಟದ ಮೇಲರ್ಧವೆಲ್ಲ ಬರಿದಾದ ಕತ್ತಲೆ. ಕೆಳಗೆ ಜೋತುಬಿದ್ದ ಒಂದು ತೋಳು, ಒಂದು ಪತ್ರ, ಒಂದು ಮರದ ಪೆಟ್ಟಿಗೆ. ವ್ಯಕ್ತಿವಿಶೇಷವನ್ನು ಇಷ್ಟು ಕಳೆದುಬಿಟ್ಟಮೇಲೆ ಉಳಿಯುವುದು ಭಟ್ಟನಾಯಕನು ಹೇಳಿದ ಸಾಧಾರಣೀಕರಣವಲ್ಲದೆ ಮತ್ತೇನು? ಮರಾನು ನೂರಾರು ಜನರ ತಲೆ ಬೀಳಬೇಕೆಂದು ಬರೆದವನೆಂಬುದನ್ನು ಬಲ್ಲ ಸಹೃದಯನೂ ಈ ಪಟದ ಮುಂದೆ ಒಂದು ಕ್ಷಣ ಅದನ್ನು ಮರೆಯುತ್ತಾನೆ. ಇದು ಕಲೆಯ ಬಲವೋ ಅಪಾಯವೋ ಎಂಬ ಶಂಕೆ ನಮಗಿನ್ನೂ ಬಗೆಹರಿದಿಲ್ಲ.

ಅದೇ ಕೈಯೇ 1804ರ ಡಿಸೆಂಬರ್ 2ರಂದು ನಡೆದ ನೆಪೋಲಿಯನ್ ಚಕ್ರವರ್ತಿಯ ಪಟ್ಟಾಭಿಷೇಕವನ್ನೂ ಬರೆಯಿತು. ಎತ್ತರ 20 ಅಡಿಗೂ ಅಗಲ 32 ಅಡಿಗೂ ಮಿಗಿಲು. ಅಂದು ಬಾರದಿದ್ದ ಚಕ್ರವರ್ತಿಯ ತಾಯಿಯೂ ಚಿತ್ರದ ನಡುವೆ ಆಸೀನಳಾಗಿದ್ದಾಳೆ. ರಾಜಸ್ತುತಿಯೇ ಪ್ರಧಾನವಾಗಿ ರಸವು ಅದಕ್ಕೆ ಅಂಗವಾದಾಗ ಅದು ರಸಧ್ವನಿಯಲ್ಲ, ರಸವದಲಂಕಾರವೆಂದು ಆನಂದವರ್ಧನನು ನಿರ್ಣಯಿಸಿದ್ದಾನೆ. ಈ ಮಹಾಪಟಕ್ಕೆ ಆ ನಿರ್ಣಯವು ಅಕ್ಷರಶಃ ಹೊಂದುವುದು. ನೈಪುಣ್ಯಕ್ಕೆ ಕೊರತೆಯಿಲ್ಲ, ಮನಸ್ಸು ಮಾತ್ರ ಪರಿವಾರದ ಉಡುಪುಗಳನ್ನು ಎಣಿಸುತ್ತ ನಿಲ್ಲುವುದು.

ಇದೇ ನೆಪೋಲಿಯನ್ನನ ವಿಷಯದಲ್ಲಿ ಸಂಗೀತಕ್ಕೆ ಬೇರೊಂದು ಗತಿಯೊದಗಿತು. ವಿಯೆನ್ನಾ ನಗರದಲ್ಲಿದ್ದ ಬೀಥೋವನನು 1803–04ರಲ್ಲಿ ತನ್ನ ಮೂರನೆಯ ಸಿಂಫೊನಿಯನ್ನು, ಎಂದರೆ ಬಹುವಾದ್ಯಗಳ ದೀರ್ಘಪ್ರಬಂಧವನ್ನು, ಬೊನಪಾರ್ಟನ ಹೆಸರಿನಲ್ಲಿ ರಚಿಸಿದನು. ಬೊನಪಾರ್ಟನು ಚಕ್ರವರ್ತಿಯಾದನೆಂದು ಕೇಳಿ ಕೋಪದಿಂದ ಮೇಲುಪುಟವನ್ನು ಹರಿದೊಗೆದನೆಂದು ಶಿಷ್ಯನಾದ ರೀಸನು ಹೇಳಿರುವನು. ಕಥೆ ರಮ್ಯವಾಗಿದೆ, ಆದರೆ ಪೂರ್ಣವಲ್ಲ. ಇಂದಿಗೂ ಉಳಿದಿರುವ ಪ್ರತಿಯೊಂದರಲ್ಲಿ ಆ ಹೆಸರನ್ನು ಕಾಗದ ತೂತಾಗುವಂತೆ ಕೆರೆದಿದೆ. ಅದರ ಕೆಳಗೆ ಬೊನಪಾರ್ಟನನ್ನು ಕುರಿತು ಬರೆದುದೆಂಬ ಸೀಸದಕಡ್ಡಿಯ ಬರಹವು ಅಳಿಯದೆ ಉಳಿದಿದೆ. ಚಕ್ರವರ್ತಿತ್ವದ ಘೋಷಣೆಯಾದುದು 1804ರ ಮೇ ತಿಂಗಳಲ್ಲಿ. ಆಗಸ್ಟಿನಲ್ಲಿಯೂ ಬೀಥೋವನನು ಪ್ರಕಾಶಕರಿಗೆ, ಕೃತಿಯ ನಿಜವಾದ ಹೆಸರು ಬೊನಪಾರ್ಟ್ ಎಂದೇ ತಿಳಿಸಿದನು. ಇಷ್ಟಾಗಿ ಅರ್ಪಣೆ ಸಂದುದು ಲೊಬ್ಕೊವಿಟ್ಸ್ ಎಂಬ ರಾಜಕುಮಾರನಿಗೆ. ಕ್ರಾಂತಿಯ ಸಂಗೀತಕ್ಕೂ ಆಶ್ರಯದಾತನು ಪ್ರಭುವೇ!

ಹೆಸರನ್ನು ಕೆರೆದರೂ ಸ್ವರವೊಂದೂ ಕದಲಬೇಕಾಗಲಿಲ್ಲವೆಂಬುದು ಇಲ್ಲಿ ಮುಖ್ಯ. ಮುಖವಿಲ್ಲದ ಸಂಗೀತದಲ್ಲಿ ಆಲಂಬನವು ಬಿದ್ದುಹೋದರೂ ಉತ್ಸಾಹವೆಂಬ ಸ್ಥಾಯಿಯು ನಿಲ್ಲುವುದು. ನಮ್ಮ ಪಂಪನ ಭಾರತದಲ್ಲಿ ಅರಿಕೇಸರಿಯು ಹಿಂದೆ ಸರಿದು ಅರ್ಜುನನು ಉಳಿದಂತೆ ಎನ್ನಬಹುದಾಗಿತ್ತು; ಆದರೆ ಇಲ್ಲಿ ಅರ್ಜುನನೂ ಇಲ್ಲ. ಎರಡನೆಯ ಭಾಗವು ಶವಯಾತ್ರೆಯ ನಡೆ. ಫ್ರಾನ್ಸಿನ ಬಯಲಿನ ಶೋಕವಾದ್ಯಗಳ ಸಂಸ್ಕಾರವು ಅದರಲ್ಲಿದೆಯೆಂದು ಸಂಗೀತಜ್ಞರು ಹೇಳುವರು. ಕ್ರಾಂತಿಯು ಕೊಟ್ಟುದೆಂದು ನಾವು ನಿಸ್ಸಂಶಯವಾಗಿ ಒಪ್ಪಬಹುದಾದುದು ಇದನ್ನೇ, ಒಬ್ಬನ ಮರಣಕ್ಕೆ ಊರೆಲ್ಲ ಒಟ್ಟಾಗಿ ನಡೆಯುವ ಆ ಗತಿಯನ್ನು. ವೀರವು ಅಂಗಿಯಾದ ಪ್ರಬಂಧದಲ್ಲಿ ಎರಡನೆಯ ಭಾಗಕ್ಕೇ ನಾಯಕನನ್ನು ಹೂಳಿ, ಅನಂತರ ಎರಡು ಭಾಗಗಳನ್ನು ಉಲ್ಲಾಸದಿಂದ ನಡೆಸಿದುದು ಅನೌಚಿತ್ಯವೆಂದು ಮೊದಲು ತೋರುವುದು. ಸತ್ತವನು ಇಂಥವನೇ ಆಗಿದ್ದರೆ ಅನೌಚಿತ್ಯವೇ ಸರಿ. 1806ರಲ್ಲಿ ಅಚ್ಚಾದಾಗ ಕೃತಿಯು ಒಬ್ಬ ಮಹಾಪುರುಷನ ಸ್ಮರಣಾರ್ಥವೆಂದಷ್ಟೇ ಮೇಲುಪುಟದಲ್ಲಿತ್ತು, ಹೆಸರಿಲ್ಲ. ಬೊನಪಾರ್ಟನು ಆಗ ಬದುಕಿದ್ದನು, ಸತ್ತುದು 1821ರಲ್ಲಿ.