ಬಿಸಿಲುನಾಡಿನಲ್ಲಿ ಮೇಘದೂತ

ಕಾಳಿದಾಸನ ಋತುಸಂಹಾರದಲ್ಲಿ ಮಳೆಗಾಲವು ಅರಸನಂತೆ ಬರುತ್ತದೆ. ಮೋಡವೇ ಆನೆ, ಮಿಂಚೇ ಪತಾಕೆ, ಗುಡುಗೇ ಮದ್ದಳೆ. ವೈಭವವೇನೋ ಹೌದು, ಆದರೆ ಚಿತ್ತಾಪುರ ತಾಲೂಕಿನ ನಾಲವಾರದಂತಹ ಬಿಸಿಲುನಾಡಿನಲ್ಲಿ, ತೊಗರಿ ಬಿತ್ತಲು ಮಿರಗದ ಹನಿಗೆ ಕಾದಿರುವವರಿಗೆ ಈ ಮೆರವಣಿಗೆಯು ದೂರದ ನೋಟವೇ ಸರಿ.

ಮೇಘದೂತದಲ್ಲಿ ಮಾತೇ ಬೇರೆ. ಮಾಲಕ್ಷೇತ್ರದ ಒಕ್ಕಲಗಿತ್ತಿಯರು, ಬೆಳೆಯ ಫಲವು ಮೇಘದ ಅಧೀನವೆಂದರಿತು, ಹುಬ್ಬಿನ ಬೆಡಗನ್ನು ಕಲಿಯದ ಕಣ್ಣುಗಳಿಂದ ಅದನ್ನು ನೋಡುತ್ತಾರೆ. ಆಗತಾನೆ ಉತ್ತ ಮಣ್ಣಿನ ಕಂಪೂ ಅದೇ ಶ್ಲೋಕದಲ್ಲಿದೆ. ಶೃಂಗಾರವನ್ನು ಮಾತ್ರ ಅರಸುವ ರಸಿಕರು ಇದನ್ನು ಹಳ್ಳಿಯ ಮುಗ್ಧತೆಯೆಂದು ದಾಟಿಬಿಡುತ್ತಾರೆ. ಪಾಪ, ಅವರಿಗೆ ಹೊಲಗಳಿರುವುದು ಕಾವ್ಯದಲ್ಲಷ್ಟೆ! ಆ ಕಣ್ಣುಗಳಲ್ಲಿ ಬಿತ್ತನೆಯ ಲೆಕ್ಕವೂ ಒಲವೂ ಬೆರೆತಿವೆ. ಬಿಸಿಲುನಾಡು ಮಳೆಯ ಸುಖವನ್ನು ಉಣ್ಣುವ ಬಗೆಯೂ ಇದೇ. ಕೊರತೆಯೊಂದುಂಟು: ಮುಂದಿನ ಶ್ಲೋಕದಲ್ಲಿಯೇ ಕವಿಯು ಮೇಘವನ್ನು ಆಮ್ರಕೂಟಕ್ಕೆ ಸಾಗಿಸಿಬಿಡುತ್ತಾನೆ.