ಚೋರಾವ್‌ಗೆ ತಿಥಿ ನೋಡಿ ಹೊರಡಬೇಕು

ಗೋವೆಯ ಮಾಂಡೋವಿ ಮತ್ತು ಮಾಪುಸಾ ನದಿಗಳು ಕೂಡುವಲ್ಲಿರುವ ಚೋರಾವ್ ದ್ವೀಪದಲ್ಲಿ ಹಕ್ಕಿಗಳ ದಿನಚರಿ ನಡೆಯುವುದು ಉಬ್ಬರವಿಳಿತದ ಲೆಕ್ಕದಲ್ಲಿ. ಕನ್ನಡನಾಡಿನ ಬಹುಪಾಲು ಪಕ್ಷಿವೀಕ್ಷಕರು ಪಳಗಿರುವುದು ಕೆರೆ ಏರಿಗಳ ಮೇಲೆ, ಇಲ್ಲವೇ ರಂಗನತಿಟ್ಟಿನ ದೋಣಿಗಳಲ್ಲಿ. ಪಕ್ಷಿತಜ್ಞ ಸಾಲಿಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟೂ ದ್ವೀಪಗಳ ತಾಣವೇ. ಆದರೆ ಕಾವೇರಿಯ ನೀರು ಅಲ್ಲಿ ದಿನಕ್ಕೆರಡು ಸಲ ಏರಿ ಇಳಿಯುವುದಿಲ್ಲ. ನಸುಕಿನಲ್ಲಿ ಹೋಗಿ ಬಿಸಿಲೇರುವ ಮುನ್ನ ಮುಗಿಸಬೇಕೆಂಬ ರೂಢಿ ಅಲ್ಲಿಗೆ ಸರಿ. ಅದನ್ನೇ ಹೊತ್ತು ಚೋರಾವ್‌ಗೆ ಹೋದವರು ಎಷ್ಟೋ ಸಲ ತುಂಬಿದ ನದಿಯನ್ನೂ ನಾಲ್ಕು ಬೆಳ್ಳಕ್ಕಿಗಳನ್ನೂ ನೋಡಿಕೊಂಡು ಮರಳುತ್ತಾರೆ.

ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ಪ್ರತಿದಿನವೂ ನೀರು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ತುಂಬುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಗೋವೆಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ನೀರು ತುಂಬುವುದು ನಡುಹಗಲಿನ ಹತ್ತಿರ. ಬೆಳಗು ಹರಿಯುವಾಗಲೂ ಸಂಜೆಯೂ ಕೆಸರು ತೆರೆದಿರುತ್ತದೆ. ಅಷ್ಟಮಿಯಂದು ಇದು ತಲೆಕೆಳಗು: ನಸುಕಿನಲ್ಲಿ ತುಂಬು ನೀರು, ಮಧ್ಯಾಹ್ನ ಕೆಸರು. ಭಾರತೀಯ ಸರ್ವೇಕ್ಷಣಾ ಇಲಾಖೆ ಉಬ್ಬರದ ಕೋಷ್ಟಕವನ್ನು ಪ್ರಕಟಿಸುತ್ತದೆ; ಪಂಚಾಂಗದ ತಿಥಿ ನೋಡಿಯೂ ಅಂದಾಜು ಮಾಡಬಹುದು. ಗೆಳೆಯರ ಗುಂಪು ಒಂದೇ ದಿನದಲ್ಲಿ ದ್ವೀಪದ ಎರಡೂ ಮುಖಗಳನ್ನು ಕಾಣಬೇಕಿದ್ದರೆ ಡಿಸೆಂಬರ್ ಅಥವಾ ಜನವರಿಯ ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತಲಿನ ದಿನವೇ ಒಳ್ಳೆಯದು.

ಪಣಜಿಯಿಂದ ರಿಬಂದರಿಗೆ ಹೋಗುವ ಹಾದಿಯಲ್ಲೇ ನೋಟ ಶುರುವಾಗುತ್ತದೆ. 1633-34ರಲ್ಲಿ ಪೋರ್ಚುಗೀಸರು ಜವುಗಿನ ಮೇಲೆ ಕಟ್ಟಿದ ಲಿನ್ಯಾರೆಸ್ ಸೇತುವೆಯ ಎರಡೂ ಬದಿಗೆ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳಿವೆ. ರಿಬಂದರಿನಿಂದ ಫೆರಿಯಲ್ಲಿ ದಾಟಿದರೆ ದ್ವೀಪದ ಪಶ್ಚಿಮ ತುದಿ. ಸಾಲಿಂ ಅಲಿ ತೀರಿಕೊಂಡ ಮರುವರ್ಷ, 1988ರಲ್ಲಿ, ಅವರ ಹೆಸರಿನಲ್ಲಿ ಘೋಷಿತವಾದ ಪಕ್ಷಿಧಾಮ ಇಲ್ಲೇ ಇದೆ. ವಿಸ್ತೀರ್ಣ 1.78 ಚದರ ಕಿಲೋಮೀಟರ್ ಮಾತ್ರ, ಬಹುಭಾಗ ಕಾಂಡ್ಲ ಕಾಡು.

ಇಳಿತದ ಹೊತ್ತು ಕೆಸರಿನದು. ನೀರು ಸರಿದ ಕೂಡಲೇ ಏಡಿ, ಹುಳು, ಚಿಪ್ಪಿನ ಜೀವಿಗಳು ಹಕ್ಕಿಗಳ ಕೊಕ್ಕಿಗೆ ಎಟುಕುತ್ತವೆ. ಉತ್ತರದ ದೂರದೇಶಗಳಿಂದ ಚಳಿ ಕಳೆಯಲು ಬಂದ ಗೊರವಗಳು ಅಲ್ಲಿ ಇಳಿಯುತ್ತವೆ. ಒಂದೇ ಕೆಸರಿನಲ್ಲಿ ಇಷ್ಟೊಂದು ಬಗೆಯ ಹಕ್ಕಿಗಳು ಜಗಳವಿಲ್ಲದೆ ಮೇಯುವುದಕ್ಕೆ ಅವುಗಳ ಕೊಕ್ಕೇ ಕಾರಣ. ಬಾಲ ಕುಣಿಸುವ ಸಾಮಾನ್ಯ ಗದ್ದೆಗೊರವ ಮೇಲ್ಮೈಯಲ್ಲಿ ಹೆಕ್ಕುತ್ತದೆ. ಕೆಂಪು ಕಾಲಿನ ರೆಡ್‌ಶಾಂಕ್ ಇನ್ನಷ್ಟು ಆಳಕ್ಕೆ ಚುಚ್ಚುತ್ತದೆ. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಬಿಲದ ತಳದವರೆಗೂ ತಲುಪುತ್ತದೆ. ವಿಂಬ್ರೆಲ್ ಹಕ್ಕಿಯ ಕೊಕ್ಕೂ ಬಾಗಿದ್ದೇ, ಆದರೆ ಗಿಡ್ಡ. ತಲೆಯ ಮೇಲಿನ ಪಟ್ಟೆ ನೋಡಿದರೆ ಗುರುತು ತಪ್ಪುವುದಿಲ್ಲ. ಒಂದು ಕೈ ಮಾತ್ರ ದೊಡ್ಡದಾದ ಗಂಡು ಏಡಿಗಳು, ಚರ್ಮದಿಂದಲೂ ಉಸಿರಾಡುತ್ತ ಕೆಸರಿನ ಮೇಲೆ ಜಿಗಿಯುವ ಮಡ್‌ಸ್ಕಿಪ್ಪರ್ ಮೀನುಗಳು ಗೊರವಗಳಷ್ಟೇ ಗಮನಕ್ಕೆ ಯೋಗ್ಯ.

ಗೆಳೆಯರು ಜೊತೆಗಿರುವುದರ ಲಾಭ ಇಲ್ಲಿ ಎದ್ದು ಕಾಣುತ್ತದೆ. ಒಬ್ಬರು ದೂರದರ್ಶಕದಲ್ಲಿ ಕೆಸರಿನ ಅಂಚನ್ನು ಎಡದಿಂದ ಬಲಕ್ಕೆ ನೋಡುತ್ತ ಹೋದರೆ, ಇನ್ನೊಬ್ಬರು ಬರೆದುಕೊಳ್ಳಬಹುದು, ಮೂರನೆಯವರು ಆಕಾಶದ ಮೇಲೆ ಕಣ್ಣಿಡಬಹುದು. ಗೊರವಗಳ ಹಿಂಡು ಒಮ್ಮೆಲೇ ಎದ್ದರೆ ಮೇಲೆಲ್ಲೋ ಬೇಟೆ ಹಕ್ಕಿ ಸುಳಿದಿದೆ ಎಂದು ಅರ್ಥ. ಒಂಟಿ ವೀಕ್ಷಕನಿಗೆ ಈ ಮೂರೂ ಏಕಕಾಲಕ್ಕೆ ದಕ್ಕುವುದಿಲ್ಲ.

ನೀರು ಏರತೊಡಗಿದ ಮೇಲೆ ಕಾಂಡ್ಲ ಕಾಡಿನ ಒಳ ತೋಡುಗಳಿಗೆ ದೋಣಿ ಹೋಗುತ್ತದೆ. ಇಳಿತದಲ್ಲಿ ಅಲ್ಲಿ ಹುಟ್ಟು ಹಾಕಲೂ ನೀರಿರುವುದಿಲ್ಲ. ಅವಿಸೀನಿಯ ಮರದ ಸುತ್ತ ಪೆನ್ಸಿಲ್ ನೆಟ್ಟಂತೆ ನಿಂತ ಉಸಿರುಬೇರುಗಳು ಒಂದೊಂದಾಗಿ ಮುಳುಗುತ್ತವೆ. ರೈಸೋಫೋರದ ಬೀಜ ತಾಯಿಮರದಲ್ಲೇ ಮೊಳೆತು ಕೋಲಿನಂತೆ ಜೋತಾಡುವುದನ್ನು ಕೈಯಳತೆಯಲ್ಲಿ ಕಾಣಬಹುದು. ಬಿಳಿಕೊರಳಿನ ಮಿಂಚುಳ್ಳಿ, ಕರಿತಲೆಯ ಮಿಂಚುಳ್ಳಿ ಎರಡೂ ಈ ತೋಡುಗಳ ಹಕ್ಕಿಗಳು. ಹಸುರುಬೂದು ಬಣ್ಣದ ಪುಟ್ಟ ಬಕವೊಂದು ಬೇರಿನ ಮೇಲೆ ಕುತ್ತಿಗೆ ಹುದುಗಿಸಿ ಕೂತಿದ್ದರೆ, ದೋಣಿ ಪಕ್ಕಕ್ಕೆ ಬರುವವರೆಗೂ ಕಣ್ಣಿಗೆ ಬೀಳದು. ಮೋಟಾರಿನ ದೋಣಿಯಲ್ಲಿ ಇವುಗಳನ್ನು ಕಾಣುವ ಆಸೆಯನ್ನೇ ಬಿಡಬೇಕು.

ತುಂಬು ನೀರಿನಲ್ಲಿ ಗೊರವಗಳು ಮೇವು ನಿಲ್ಲಿಸುತ್ತವೆ. ಗದ್ದೆಯ ಕಟ್ಟೆಗಳ ಮೇಲೆ, ಕಾಂಡ್ಲದ ಕೊಂಬೆಗಳ ಮೇಲೆ ಒತ್ತೊತ್ತಾಗಿ ನಿಂತು ಇಳಿತಕ್ಕೆ ಕಾಯುತ್ತವೆ. ಎಣಿಕೆಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಕೆಸರಿನಲ್ಲಿ ಹರಡಿಕೊಂಡಾಗ ಲೆಕ್ಕ ತಪ್ಪುವ ಹಿಂಡು ಈಗ ಒಂದೇ ಸಾಲಿನಲ್ಲಿರುತ್ತದೆ. ಒಂದು ಚಿತ್ರಕ್ಕಾಗಿ ಈ ಸಾಲಿನ ಕಡೆಗೇ ನಡೆದುಹೋಗುವ ಪಂಥವೊಂದು ಕೆಲವು ವರ್ಷಗಳಿಂದ ಬೆಳೆದಿದೆ. ಹಿಂಡು ಎದ್ದು ಹಾರುವ ಚಿತ್ರಕ್ಕೆ ಮೆಚ್ಚುಗೆ ಹೆಚ್ಚು. ಆದರೆ ಹಕ್ಕಿಗಳು ವಿಶ್ರಾಂತಿಯಲ್ಲಿ ಉಳಿಸಿಕೊಳ್ಳುವ ಕೊಬ್ಬೇ ಮಾರ್ಚ್, ಏಪ್ರಿಲ್‌ನಲ್ಲಿ ಸಾವಿರಾರು ಕಿಲೋಮೀಟರ್ ಮರಳುವ ಹಾರಾಟಕ್ಕೆ ಇಂಧನ. ಪದೇ ಪದೇ ಎಬ್ಬಿಸಿದರೆ ಅದು ಅಲ್ಲೇ ಸುಟ್ಟುಹೋಗುತ್ತದೆ. ಹಾಗೆ ತೆಗೆದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಪಕ್ಷಿವೀಕ್ಷಣೆಯ ಲೆಕ್ಕಕ್ಕೆ ಸೇರಕೂಡದು.

ಹಕ್ಕಿಗಳು ನಿಲ್ಲುವ ಆ ಕಟ್ಟೆ ಹಕ್ಕಿಗಳಷ್ಟೇ ದೊಡ್ಡ ವಿಷಯ. ಚೋರಾವ್‌ನ ತಗ್ಗು ಗದ್ದೆಗಳನ್ನು ಖಜಾನ ಎನ್ನುತ್ತಾರೆ. ಉಬ್ಬರದ ನೀರು ಹರಡುತ್ತಿದ್ದ ನೆಲಕ್ಕೆ ಮಣ್ಣು, ಕಲ್ಲುಗಳ ಕಟ್ಟೆ ಹಾಕಿ, ಕಟ್ಟೆಯಲ್ಲಿ ಮಾನಸ್ ಎಂಬ ಮರದ ಬಾಗಿಲಿನ ತೂಬು ಇಟ್ಟು, ಕೃಷಿಗೆ ಒದಗಿಸಿಕೊಂಡ ವ್ಯವಸ್ಥೆ ಇದು. ಏರುವ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚುತ್ತದೆ; ನದಿ ಇಳಿದಾಗ ಒಳಗಿನ ನೀರು ಅದನ್ನು ತಳ್ಳಿ ತೆರೆದು ಹೊರಹೋಗುತ್ತದೆ. ಮಳೆಗಾಲದಲ್ಲಿ ಕೊರ್ಗುಟ್‌ನಂಥ ಉಪ್ಪು ತಾಳುವ ಭತ್ತ, ಕೊಯ್ಲಿನ ಮೇಲೆ ಮೀನು, ಸಿಗಡಿ. ಈ ಕಟ್ಟೆಗಳನ್ನು ಶತಮಾನಗಳ ಕಾಲ ಕಾಯ್ದದ್ದು ಊರಿನ ಗಾಂವಕಾರಿ ಸಂಘಟನೆ. ಆ ಹಿಡಿತ ಸಡಿಲವಾದ ಮೇಲೆ ಕಟ್ಟೆ ಒಡೆದಲ್ಲಿ ಉಪ್ಪುನೀರು ನುಗ್ಗುತ್ತದೆ, ಗದ್ದೆ ಪಾಳು ಬೀಳುತ್ತದೆ, ಹತ್ತಾರು ವರ್ಷಗಳಲ್ಲಿ ಕಾಂಡ್ಲ ಆವರಿಸುತ್ತದೆ. ಕಾಂಡ್ಲ ಹೆಚ್ಚಿದರೆ ಒಳ್ಳೆಯದೇ ಎನ್ನುವವರು ಗೊರವಗಳನ್ನು ಮರೆತಿರುತ್ತಾರೆ. ಅವುಗಳಿಗೆ ಬೇಕಾದ್ದು ಬಯಲು: ಇಳಿತದಲ್ಲಿ ಮೇಯಲು ಕೆಸರು, ಉಬ್ಬರದಲ್ಲಿ ನಿಲ್ಲಲು ನಾಲ್ಕೂ ಕಡೆ ಕಾಣುವ ಒಣ ಕಟ್ಟೆ. ದಟ್ಟ ಕಾಡಾದ ಗದ್ದೆ ಎರಡನ್ನೂ ಕೊಡದು.

ಇದೇ ಬಗೆಯ ನೆಲ ಕುಮಟಾದ ಅಘನಾಶಿನಿ ಅಳಿವೆಯಲ್ಲೂ ಇದೆ. ಅಲ್ಲಿ ಅದಕ್ಕೆ ಗಜನಿ ಎಂದು ಹೆಸರು, ಕೊರ್ಗುಟ್‌ನ ಜಾಗದಲ್ಲಿ ಕಗ್ಗ ಭತ್ತ. ಚೋರಾವ್‌ನ ನೀರಿಗೂ ಕರ್ನಾಟಕದ ನಂಟಿದೆ: ಮಾಂಡೋವಿ ಎಂದರೆ ಖಾನಾಪುರದ ಕಾಡುಗಳಲ್ಲಿ ಹುಟ್ಟುವ ಮಹದಾಯಿಯೇ. ಗೋವೆಗೆ ಹೋಗಲಾಗದ ಗುಂಪು ಮಾಣಿಕಟ್ಟಾದ ಗಜನಿ ಕಟ್ಟೆಗಳ ಮೇಲೆ, ಉಬ್ಬರಕ್ಕೆ ಒಂದು ಗಂಟೆ ಮೊದಲೇ ಹೋಗಿ, ದೂರದಿಂದ ಎಣಿಕೆ ಆರಂಭಿಸಬಹುದು.